ಎಡಕ್ಕೆ ತಿರುಗದ್ದು

ಹೊಳಲ್ಕೆರೆ ರಸ್ತೆಯ ನಮ್ಮ ಶೆಡ್ಡಿಗೆ
ಅದು ತಾನಾಗಿ ಬರಲಿಲ್ಲ.
ಲಾರಿಯ ಬೆನ್ನೇರಿ, ಮೈತುಂಬ ಸರಪಳಿ ಬಿಗಿಸಿಕೊಂಡು,
ಕೋಟೆಗುಡ್ಡಕ್ಕೆ ಬೆನ್ನು ಹಾಕಿ ಬಂದಿಳಿಯಿತು
ಚೈನ್ ಗಾಡಿ.
ಬಣ್ಣ ಹಳದಿ ಅಂದ ರುದ್ರಮುನಿ. ನಂಬಿದೆ.
ಗುಜರಿ ತೂಕಕ್ಕೆ ಕೊಂಡಿದ್ದನಂತೆ,
ಬದು ಹಾಕಿಸುವ ಇಲಾಖೆಯ ಹಳೇ ಮಾಲು,
ಇಪ್ಪತ್ತೆಂಟು ವರ್ಷ ಜಾಲಿ ಮುಳ್ಳಿನೊಳಗೆ ನಿಂತಿದ್ದು.

"ಸ್ಟೀರಿಂಗ್ ಎಲ್ಲೈತಣ್ಣ?" ಅಂದ.
ಇಲ್ಲಪ್ಪ. ಎರಡು ಲಿವರು, ಎರಡು ಬ್ರೇಕು, ಅಷ್ಟೇ.

ಮೊದಲು ಮೂಗಿನಿಂದ ನೋಡಬೇಕು,
ಅನ್ನುತ್ತಿದ್ದರು ನನ್ನ ಉಸ್ತಾದ್ ಬುಡೇನ್ ಸಾಬ್.
ಸ್ಪ್ಯಾನರು ಆಮೇಲೆ.
ಏರ್ ಕ್ಲೀನರಿನಲ್ಲಿ ಇಲಿ ಮರಿಹಾಕಿ ಹೋದ ವಾಸನೆ,
ಟ್ಯಾಂಕಿನಲ್ಲಿ ಅಂಟುವಾಳದ ನೊರೆಯಂಥದ್ದೇನೋ,
ಸಂಪಿನ ಬೋಲ್ಟು ಸಡಿಲಿಸಿದರೆ
ಮೊದಲು ಒಂದು ಲೋಟ ನೀರು,
ಹಿಂದೆಯೇ ಜೋನಿಬೆಲ್ಲದ ಹಾಗೆ ಆಯಿಲ್ಲು.
ಸದ್ಯ, ಒಂದೇ ಲೋಟ.

ಫ್ಲೈವೀಲಿಗೆ ಹಾರೆ ಕೊಟ್ಟು ಮೀಟಿದೆ.
ಹಿಡಿದಿರುತ್ತದೆ ಅಂದುಕೊಂಡಿದ್ದೆ.
ಅರ್ಧ ಹಲ್ಲು ಸರಿಯಿತು. ಇನ್ನರ್ಧ.
ಉಸಿರು ಬಿಟ್ಟಿತು, ಮುದುಕ ನಿದ್ದೆಯಲ್ಲಿ ಬಿಡುವ ಹಾಗೆ.
ಆಗ ತಲೆಯೆತ್ತಿ ನೋಡಿದೆ:
ಹೊಗೆ ಕೊಳವೆಯ ಬಾಯಿಗೆ
ಬೋರಲು ಹಾಕಿದ ಡಾಲ್ಡಾ ಡಬ್ಬ.
ತುಕ್ಕು ತಿಂದು ಜರಡಿಯಾಗಲು ಇನ್ನೊಂದು ಮಳೆ ಬಾಕಿ.
ಯಾರೋ ಡ್ರೈವರು, ಕೊನೇ ದಿನ,
ಬಾಟಾ ಚೀಟಿಗೆ ಸಹಿ ಮಾಡಿ ಇಳಿಯುವ ಮುಂಚೆ
ಮೇಲೆ ಹತ್ತಿ ಇದನ್ನು ಮುಚ್ಚಿದ್ದಾನೆ.
ಯಾರೂ ಹೇಳಿರಲಿಕ್ಕಿಲ್ಲ.

ಎಡಗಡೆ ಕ್ಲಚ್ಚಿನ ಮುಚ್ಚಳದಲ್ಲಿ
ನಾಲ್ಕು ಬೋಲ್ಟಿಗೆ ಎರಡಿಲ್ಲ.
ಅದೂ ಯಾರದೋ ಕೈಯೇ.
ಕುಂಟೆಗೋ ಗೇಟಿಗೋ ಬೇಕಾಗಿತ್ತೇನೋ.

ನಾಲ್ಕನೇ ದಿನ ಮರಿ ಎಂಜಿನ್ನಿಗೆ ಪೆಟ್ರೋಲು ಕುಡಿಸಿ
ಹಗ್ಗ ಸುತ್ತಿ ಎಳೆದ ಓಬಳೇಶ.
ಹನ್ನೊಂದು ಸಲ. ಹನ್ನೆರಡಕ್ಕೆ ಅದು ಕಚಪಚ ಬೈಯುತ್ತ ಎದ್ದು
ದೊಡ್ಡದನ್ನು ಎಬ್ಬಿಸತೊಡಗಿತು.
ಪೈಪಿನ ಗಾಳಿ ಕಳೆದೆ. ಬಿಳಿ ಹೊಗೆ, ಕರಿ ಹೊಗೆ,
ಆಮೇಲೆ ಬರೀ ನಡುಕ.
ಎದುರಿನ ಟೀ ಅಂಗಡಿಯ ಗ್ಲಾಸುಗಳೆಲ್ಲ
ತಟ್ಟೆಯ ಮೇಲೆ ಕುಣಿದವು.

ಮುಂದೆ ಹೋಯಿತು. ಹಿಂದೆ ಬಂತು. ಬಲಕ್ಕೆ ತಿರುಗಿತು.
ಎಡಕ್ಕೆ, ಊಹೂಂ.
ರುದ್ರಮುನಿ ಲಿವರಿಗೆ ಜೋತುಬಿದ್ದ.
"ಎಳೆದಷ್ಟೂ ಬರಾಕಿಲ್ಲ ಕಣೋ," ಅಂದೆ,
"ಎಡಗಡೆ ಚೈನು ಬಿಟ್ಟುಕೊಟ್ಟರೆ ಎಡಕ್ಕೆ ತಿರುಗತೈತೆ.
ಇದು ಬಿಡಾಕೇ ಒಲ್ಲದು."
ಒಳಗೆ ಪ್ಲೇಟು ಪ್ಲೇಟು ಕಚ್ಚಿಕೊಂಡು
ಒಂದೇ ಬಿಲ್ಲೆಯಾಗಿದ್ದವು.

ಬಿಚ್ಚಿದರೆ ಹದಿನೈದು ದಿನ; ಪ್ಲೇಟು ಸಿಕ್ಕೋ ಊರೇ ಇಲ್ಲ.
ಸಾಬರ ಹಳೇ ಔಷಧಿ ಮಾಡಿದೆ:
ಕ್ಲಚ್ಚಿನ ಗೂಡಿಗೆ ಡೀಸೆಲ್ ಸುರಿ, ಓಡಿಸು, ಬಸಿ.
ಸುರಿ, ಓಡಿಸು, ಬಸಿ.
ಬಂದದ್ದು ಗಸಿಗಸಿ ಟೀ.
ಮೂರನೇ ದಿನ ತಿಳಿಯಾಯಿತು. ಕ್ಲಚ್ಚು ಮಾತ್ರ ಹಾಗೇ.

ಕೊನೆಗೆ ಮೂತಿಯನ್ನು ಹಿತ್ತಲ ಬಂಡೆಗೆ ಒತ್ತಿ ನಿಲ್ಲಿಸಿ
ಲಿವರು ಪೂರಾ ಎಳೆದು, ಎಡ ಬ್ರೇಕಿನ ಮೇಲೆ ನಿಂತುಬಿಟ್ಟೆ.
ಗಾಡಿ ಗುಡ್ಡ ದೂಡುವಂತೆ ದೂಡಿತು.
ನನ್ನ ಹಲ್ಲು, ಬೆನ್ನುಮೂಳೆ, ಅಂಗಿಜೇಬಿನ ಚಿಲ್ಲರೆ
ಎಲ್ಲ ಒಟ್ಟಿಗೆ ನಡುಗಿದವು.
ಟಕ್.
ಇಷ್ಟೇ ಸದ್ದು. ಕಡಲೆಕಾಯಿ ಒಡೆದ ಹಾಗೆ.

ಮತ್ತೆ, ಎಡಕ್ಕೆ ಎಂಥಾ ತಿರುವು!
ಇಪ್ಪತ್ತೆಂಟು ವರ್ಷದ್ದೆಲ್ಲ ಒಂದೇ ಸಲ ತಿರುಗಿ
ಶೆಡ್ಡಿನ ಕಂಬ, ಕಂಬಕ್ಕಿದ್ದ ನನ್ನ ಹೆಸರಿನ ಬೋರ್ಡು
ಎರಡನ್ನೂ ಕೆಡವಿ ನಿಂತಿತು.
ರುದ್ರಮುನಿ ಚಪ್ಪಾಳೆ ತಟ್ಟಿದ.
ಕಂಬದ ದುಡ್ಡು ಬಿಲ್ಲಿಗೆ ಸೇರಿಸಿದೆ.
ಇವತ್ತಿಗೂ ಕೊಟ್ಟಿಲ್ಲ.

ಅವತ್ತು ಸಂಜೆ ಎಂಜಿನ್ ಆರಿಸಿ
ಕೈಗೆ ಸೀಮೆಎಣ್ಣೆ ಹಚ್ಚಿಕೊಳ್ಳುತ್ತಿದ್ದೆ.
ಓಬಳೇಶ ಚೈನಿನ ಮೇಲೆ ಕಾಲಿಟ್ಟು ಹತ್ತಿದ.
ಕೈಯಲ್ಲಿ ಹೊಸಾ ಪೇಂಟಿನ ಡಬ್ಬ, ತೊಳೆದದ್ದು.
ಕೊಳವೆ ಇನ್ನೂ ಸುಡುತ್ತಿತ್ತು;
ಆರುವ ತನಕ ಮೇಲೆಯೇ ಕೂತಿದ್ದ.