ಸಹಿ ಮಾತ್ರ ನನ್ನದು

ಮೂರು ದಿನ ಅವರ ಕೋಣೆಯ ಬಾಗಿಲ ತನಕ ಹೋಗಿ
ನೋಟಿಸ್ ಬೋರ್ಡ್ ಓದಿ ವಾಪಸು ಬಂದೆ.
ನಾಲ್ಕನೇ ದಿನ
ಬೋರ್ಡಿನಲ್ಲಿ ಓದಲು ಏನೂ ಉಳಿದಿರಲಿಲ್ಲ.

ಕಲ್ಗುಟಕರ ಸರ್ ಕನ್ನಡಕ ಹಣೆಗೇರಿಸಿದರು:
'ಶಿಫಾರಸು ಪತ್ರವೇ? ಎಷ್ಟು ಕಡೆಗೆ?'
ನಾಲ್ಕು, ಅಂದೆ. ಐದು ಅನ್ನಲು ಬಾಯಿ ಬರಲಿಲ್ಲ.
'ನೀನೇ ಬರೆದು ತಾ ಮಾರಾಯ್ತಿ,
ಪರೀಕ್ಷೆ ಪೇಪರು ರಾಶಿ ಬಿದ್ದಿವೆ.
ಸಹಿ ಮಾತ್ರ ನನ್ನದು.'

ಹಾಗೆ ಆ ರಾತ್ರಿ, ಸುಂಕೇರಿಯ ನಮ್ಮ ಪಡಸಾಲೆಯಲ್ಲಿ
ನಾನು ಐವತ್ತೆಂಟರ ಗಂಡಸಾಗಿ ಕೂತೆ,
ಸಕ್ಕರೆ ಕಾಯಿಲೆ, ಪಿಂಚಣಿಗೆ ಇನ್ನೆರಡು ವರ್ಷ,
ಇಪ್ಪತ್ತೆರಡರ ಹುಡುಗಿಯೊಬ್ಬಳನ್ನು ಹೊಗಳಲು.

'ಕುಮಾರಿ ತೃಪ್ತಿ ಹರಿಕಂತ್ರ ನನಗೆ ಎರಡು ವರ್ಷದಿಂದ ಗೊತ್ತು.'
ಇಲ್ಲಿಯವರೆಗೆ ಸುಳ್ಳಿಲ್ಲ.
'ಅತ್ಯಂತ ಪ್ರತಿಭಾವಂತೆ.' ಅತ್ಯಂತವನ್ನು ಹೊಡೆದೆ.
ಒಂಟಿಯಾಗಿ ನಿಂತ ಪ್ರತಿಭಾವಂತೆ ಇನ್ನೂ ನಾಚಿಕೆಗೇಡು.
'ಶ್ರಮಜೀವಿ' ಬರೆದರೆ ಆಯಿಯ ಸೊಂಟ ಕಣ್ಣಿಗೆ ಬಂತು,
ಆ ಶಬ್ದ ಅವಳದು, ನಾನು ಎತ್ತಿಕೊಳ್ಳುವುದು ಹೇಗೆ?
ತರಗತಿಯ ಮೇಲಿನ ಶೇಕಡಾ ಐದರಲ್ಲಿ ಇದ್ದಾಳೆಯೇ, ಕೇಳುತ್ತದೆ ಫಾರ್ಮು.
ನಾವಿರುವುದೇ ಹನ್ನೊಂದು ಜನ.
ಶೇಕಡಾ ಐದೆಂದರೆ
ಅರ್ಧ ಹುಡುಗಿ, ಮೇಲೆ ಚೂರು.

ಆಯಿ ಬಳಚು ಒಡೆಯುತ್ತಿದ್ದಳು.
'ಏನು ಬರೀತಿ?'
ನನ್ನ ಬಗ್ಗೆ ಒಳ್ಳೇ ಮಾತು, ಸರ್ ಹೇಳಿದ ಹಾಗೆ.
'ಹೇಳಿದರೇ ಅವರು?'
ಹೇಳ್ತಾರೆ, ನಾನು ಬರೆದ ಮೇಲೆ.
ನಕ್ಕಳು. ಚಿಪ್ಪೊಂದು ಬುಟ್ಟಿಗೆ ಬಿತ್ತು.
'ನನ್ನ ಬಳಚು ಚಲೋ ಅಂತ ಪೇಟೆಯಲ್ಲಿ ದಿನಾ ನಾನೇ ಕೂಗ್ತೇನೆ.
ಅದಕ್ಕೆ ಯಾರ ಸಹಿ ಕೇಳಿದ್ದೇನೆ?'

ಒಂದನ್ನು ಮಾತ್ರ ಬರೆಯಲಿಲ್ಲ ನಾನು.
ಹೋದ ಆಗಸ್ಟು, ಕಾಳಿಯ ಅಳಿವೆ, ಸುಕ್ತಿಯ ಹೊತ್ತು,
ಮೊಣಕಾಲುದ್ದ ಕೆಸರಲ್ಲಿ ನಮ್ಮ ತರಗತಿ.
ಬಳಚೆಲ್ಲ ಬಾಯ್ದೆರೆದು ಸತ್ತಿದ್ದವು.
ಸರ್ ರೋಗ ಅಂದರು, ರೋಗದ ಉದ್ದನೆಯ ಹೆಸರು ಬರೆಸಿದರು.
ನಾನು ಬೆರಳದ್ದಿ ನಾಲಗೆಗೆ ಹಚ್ಚಿದೆ, ಎಲ್ಲರೆದುರು:
'ರೋಗ ಅಲ್ಲ ಸರ್, ಕದ್ರಾದ ಗೇಟು ತೆಗೆದಿದ್ದಾರೆ.
ಉಪ್ಪೇ ಇಲ್ಲ ನೀರಲ್ಲಿ.'
ಆಮೇಲೆ ಹದಿನೈದು ದಿನ
ಹಾಜರಿಯಲ್ಲಿ ನನ್ನ ಹೆಸರು ಬಂದಾಗ
ಅವರ ದನಿ ಒಂದು ಮೆಟ್ಟಿಲು ಇಳಿಯುತ್ತಿತ್ತು.

ಹಾಳೆ ಕೊಟ್ಟೆ. ಓದಿದರು.
'ಶಿಸ್ತು, ಸಮಯಪಾಲನೆ, ವಿನಯ.
ಇದು ಪೊಲೀಸ್ ಭರ್ತಿಗೆ ಸಾಕು' ಎಂದು
ವಿನಯದ ಮೇಲೆ ಗೆರೆ ಎಳೆದರು.
ಕಿಟಕಿಯಾಚೆ ಸೇತುವೆ ಮೇಲೆ ಲಾರಿಗಳು,
ಫ್ಯಾನು, ಪೇಪರು ಹಾರದಂತೆ ಇಟ್ಟ ಶಂಖ,
ನಾನು ಎಲ್ಲಿ ನೋಡಬೇಕೋ ತಿಳಿಯದೆ ಎಲ್ಲವನ್ನೂ ನೋಡಿದೆ.
ಪೆನ್ನು ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು.
ಆಮೇಲೆ ಕೆಳಗೆ, ಓರೆ ಅಕ್ಷರದಲ್ಲಿ:

'ಅಳಿವೆಯಲ್ಲಿ ಒಮ್ಮೆ ನನ್ನನ್ನು ತಿದ್ದಿದ್ದಾಳೆ.
ಅವಳು ಹೇಳಿದ್ದೇ ಸರಿಯಿತ್ತು.'

'ಟೈಪು ಮಾಡಿಸಿ ತಾ', ಅಂದರು ಮುಖ ಎತ್ತದೆ.
'ನಾಲ್ಕಲ್ಲ, ಐದು ಪ್ರತಿ.
ಕೇಳದೇ ಬಿಟ್ಟದ್ದು ಒಂದು ಇದ್ದೇ ಇರ್ತದೆ.'