ಮುರು

ದೀಪಸ್ತಂಭದ ಬೆನ್ನಿಗೆ ಒಂಟಿ ತಾಳೆಮರ ಅಡಗಬೇಕು,
ಬಡಗಿನಲ್ಲಿ ಐಸ್ ಪ್ಲಾಂಟಿನ ಟಾಂಕಿ
ಗುಡ್ಡದ ಹೆಗಲೇರಿ ಕೂರಬೇಕು.
ಆಗ ಲಂಗರು ಬಿಡು. ಏಳು ಮಾರು.
ಕೆಳಗೆ ಕಲ್ಲು.

ಇಷ್ಟೇ ಅಪ್ಪ ಬಿಟ್ಟುಹೋದ ಆಸ್ತಿ.
ಪಟ್ಟೆಯಿಲ್ಲ, ಸರ್ವೆ ನಂಬರಿಲ್ಲ.
ಟ್ರಾಲ್ ಬೋಟಿನವರು ಆ ಕಲ್ಲಿಗಿಟ್ಟ ಹೆಸರನ್ನು
ಹೆಂಗಸರ ಮುಂದೆ ಹೇಳುವುದಿಲ್ಲ.
ಎಷ್ಟು ಬಲೆ ನುಂಗಿದೆಯೋ ಅದು!

ಬಲೆಯ ಚಿಂದಿ ಈಗಲೂ ಅಲ್ಲೇ ಇದೆಯಂತೆ.
ಪಚ್ಚಿಲೆ ಕೀಳಲು ಮುಳುಗುವ ಉಚ್ಚಿಲದ ಹಸನಬ್ಬ
ಕಾಪುವಿನ ಹೊಯ್ಗೆಯಲ್ಲಿ ಕೂತು ಹೇಳುತ್ತಾನೆ:
ಬೀಸಣಿಗೆಯಂಥ ಹವಳ, ಮುಳ್ಳಿನ ಚೆಂಡುಗಳು,
ಪಟ್ಟೆಪಟ್ಟೆ ಮರಿಮೀನುಗಳ ಗದ್ದಲ, ಶಾಲೆ ಬಿಟ್ಟ ಹೊತ್ತಿನ ಹಾಗೆ.
ಮತ್ತೆ ಒಂದು ಸಂದಿನ ಬಾಯಲ್ಲಿ
ಅವನು, ಮುರು,
ಕೆಳದವಡೆ ಮುಂದೆ ಚಾಚಿ
ಊರಿಗೆಲ್ಲ ಸಾಲ ಕೊಟ್ಟವನಂತೆ.
"ನೋಡುತ್ತಿದ್ದ ಹಾಗೆ ಬಣ್ಣ ಇಳಿಸಿ ಕಲ್ಲಾಗ್ತಾನೆ ಮಾರಾಯ್ತಿ,
ಕಣ್ಣು ಮಾತ್ರ ಮೀನು."

ನಾನು ಕೊಯ್ಯುವವಳು.
ಮಲ್ಪೆ ಬಂದರಿನಲ್ಲಿ ಇಪ್ಪತ್ತಾರು ವರ್ಷ, ಅದೇ ಮಣೆ, ಮೂರನೆಯ ಕತ್ತಿ.
ಸಣ್ಣ ಮುರುವಿನ ಹೊಟ್ಟೆಯಲ್ಲಿ ಮೊಟ್ಟೆ,
ಮೊಳ ಮೀರಿದ್ದರಲ್ಲಿ ಬಿಳಿಯ ಹಾಲು.
ಒಂದು ಸಲ ಸಿಕ್ಕಿತ್ತು ಎರಡೂ ಅಲ್ಲದ್ದು.
ಕತ್ತಿ ನಿಲ್ಲಿಸಿ ನೋಡಿದ್ದೆ.
ಗಿರಾಕಿಗೆ ಬಸ್ಸಿನ ಅವಸರ.

ಟೇಪು ಹಿಡಿದು ಬಂದ ಕಾಲೇಜಿನ ಹುಡುಗಿ ಹೇಳಿದಳು:
ಎಲ್ಲವೂ ಹೆಣ್ಣಾಗಿಯೇ ಬೆಳೆಯುವುದಕ್ಕಾ,
ಕಲ್ಲಿನ ದೊಡ್ಡ ಗಂಡು ಗಾಳಕ್ಕೆ ಹೋದರೆ
ಉಳಿದ ಹೆಣ್ಣುಗಳಲ್ಲಿ ದೊಡ್ಡದು
ಮೆಲ್ಲ ಮೆಲ್ಲ ಗಂಡಾಗುತ್ತದೆ.
ನಾನು ನಕ್ಕೆ. ಅವಳು ಬರೆದುಕೊಂಡಳು,
ನಗುವನ್ನಲ್ಲ, ಉದ್ದವನ್ನು.

ಅಪ್ಪ ಹೋದ ವರ್ಷ, ಆಟಿಯಲ್ಲಿ,
ಅಣ್ಣ ದೋಣಿ ಮಾರುವ ಮಾತೆತ್ತಿದ.
ಅಮ್ಮ ಏನೂ ಹೇಳಲಿಲ್ಲ,
ಚಿಮಣಿ ಬೆಳಕಿನಲ್ಲಿ ಗಾಳದ ನೂಲಿಗೆ ಸೀಸ ಕಟ್ಟಿದಳು.
ಸೋಣದಲ್ಲಿ ಕಡಲು ತೆರೆಯಿತು.
ನಾನು ಹುಟ್ಟು ಹಾಕಿದೆ, ಹನ್ನೊಂದು ವರ್ಷದವಳು,
ಅಂಗೈ ತುಂಬ ಬೊಕ್ಕೆ.
ತಾಳೆಮರ ಅಡಗಿತು. ಟಾಂಕಿ ಹೆಗಲೇರಿತು.
ಅಂದಿನಿಂದ ಗಿರಿಜಕ್ಕನ ದನಿ ದಪ್ಪವಾಯಿತು ಎನ್ನುತ್ತಾರೆ ಕೇರಿಯವರು.
ನನಗೆ ಗೊತ್ತಿಲ್ಲ.
ಹರಾಜಿನ ಕಟ್ಟೆಯಲ್ಲಿ ಕೇಳಿಸಬೇಕಾದರೆ
ಅಷ್ಟು ದನಿ ಬೇಕು.

ಮೊನ್ನೆ ಗಾಳಿಗೆ ತಾಳೆಮರ ಬಿತ್ತು.
ಕಲ್ಲು ಎಲ್ಲಿದೆಯೆಂದು ಈಗ ನನಗೂ ಅಂದಾಜು ಮಾತ್ರ.
ಅಣ್ಣನ ಮಗ ರಕ್ಷಿತ, ಮೊಬೈಲಿನಲ್ಲಿ ಗುರುತು ಹಾಕಿಡುವ, ಒಮ್ಮೆ ಬಾ ದೊಡ್ಡತ್ತೆ, ಅನ್ನುತ್ತಾನೆ.

ಬೇಡ ಮಗಾ. ಈ ವರ್ಷ ಬೇಡ.
ಅಲ್ಲಿ ಯಾವಳೋ ಒಬ್ಬಳು
ದೊಡ್ಡವನಾಗುತ್ತಿರುವ ಹೊತ್ತು.