ತಟ್ಟೆ ಕಾಣದಾಗುವ ಆಳ

ಮಂಗಳವಾರ ಬೆಳಿಗ್ಗೆ ಆರೂವರೆಗೆ
ಜವರಪ್ಪ ಸರಪಳಿಯ ಬೀಗ ತೆಗೆಯುತ್ತಾನೆ.
ಹಂಸದ ಕತ್ತಿನ ಪೆಡಲ್ ದೋಣಿಗಳು ಹತ್ತರ ತನಕ ಮಲಗಿರುತ್ತವೆ.
ನಮ್ಮದು ಹಳೆಯ ಹುಟ್ಟಿನ ದೋಣಿ,
ಆರು ಬಾಟಲಿ, ಥರ್ಮಾಮೀಟರು,
ಹಗ್ಗ ಕಟ್ಟಿದ ಒಂದು ಸ್ಟೀಲ್ ತಟ್ಟೆ.

ತಟ್ಟೆ ನಮ್ಮ ಮನೆಯದು.
ಇಲಾಖೆಯಿಂದ ಬರಬೇಕಿದ್ದದ್ದು ಬರಲಿಲ್ಲ.
ಕಾಲು ಭಾಗ ಕಪ್ಪು, ಕಾಲು ಬಿಳಿ, ಮತ್ತೆ ಕಪ್ಪು, ಮತ್ತೆ ಬಿಳಿ
ನಾನೇ ಬಳಿದೆ.
ನಡುವೆ ತೂತು ಕೊರೆದವನು
ದೇವರಾಜ ಮಾರುಕಟ್ಟೆ ಹಿಂದಿನ ವೆಲ್ಡಿಂಗ್ ಹುಡುಗ.
ಉಣ್ಣೋ ತಟ್ಟೆಗ್ಯಾಕಮ್ಮ ತೂತು, ಅಂದ.
ಕೆರೆ ಏನು ಉಣ್ಣುತ್ತೆ ನೋಡೋಕೆ, ಅಂದೆ.

ಇಳಿಬಿಡುವುದು. ಕಾಣೆಯಾದಲ್ಲಿ ಒಂದು ಗುರುತು.
ಮೇಲೆಳೆಯುವುದು. ಮತ್ತೆ ಕಂಡಲ್ಲಿ ಇನ್ನೊಂದು.
ಎರಡರ ನಡುವಿನದೇ ನೀರಿನ ಆ ದಿನದ ಮಾತು.

ಸಂಕ್ರಾಂತಿಯ ವಾರ ಮೂರು ಮೊಳ.
ಶಿವರಾತ್ರಿ ಕಳೆದ ಮೇಲೆ ಎರಡಕ್ಕೂ ಕಮ್ಮಿ.
ಯುಗಾದಿಗೆ ಒಂದು ಗೇಣು.
ಹಗ್ಗ ಯಾಕವ್ವ, ಕೈಯಲ್ಲೇ ಅದ್ಬುಡಿ, ಅಂದ ಜವರಪ್ಪ.

ಅವನಿಗೆ ನನ್ನ ಪುಸ್ತಕ ಬೇಕಿಲ್ಲ.
ಹುಟ್ಟಿಂದ ತೊಟ್ಟಿಕ್ಕೋ ಸದ್ದು ದಪ್ಪಗಾಗದೆ ಅಂತಾನೆ.
ಪಂಚೆ ಅಂಚು ಹಸಿರಾಗಿ ಹೆಂಡ್ತಿ ಬಯ್ತಾಳೆ ಅಂತಾನೆ.
ಕೋಳಿ ಕೂಗೋ ಹೊತ್ತಿಗೆ ಜಿಲೇಬಿ ಮೀನು
ಬಾಯಿ ಮೇಲಕ್ಕಿಟ್ಕೊಂಡು ಗಾಳಿ ಸಾಲ ಕೇಳ್ತವೆ ಅಂತಾನೆ.
ನಾನು ಬರೆಯುತ್ತೇನೆ: ಆಮ್ಲಜನಕ ೧.೮.

ದಡದಲ್ಲಿ ಮದುವೆಗೆ ಮುಂಚಿನ ಫೋಟೋಗೆ ಬಂದ ಜೋಡಿ.
ಕ್ಯಾಮೆರಾದವನು ಕೂಗುತ್ತಾನೆ,
ಮೇಡಂ, ದೋಣಿ ಸ್ವಲ್ಪ ಆ ಕಡೆ!
ಎಂಥಾ ಹಸಿರು ಸಾರ್, ಎಡಿಟ್ಟೇ ಬೇಡ.
ಹೌದು. ತೆರೆದಿಟ್ಟ ಪೇಂಟಿನ ಡಬ್ಬಿಯ ಕೆನೆಯಂತೆ
ಪಾಚಿ ಅವರ ಕಾಲ ಬಳಿ ಮಡಿಕೆ ಮಡಿಕೆಯಾಗಿ ಸೇರಿದೆ.
ಹುಡುಗಿ ಒಮ್ಮೆ ಮೂಗು ಮುಚ್ಚಿ, ನಕ್ಕು, ಕೈ ತೆಗೆದಳು.

ಹೋದ ತಿಂಗಳು ಪಾಲಿಕೆಯ ನಕ್ಷೆ ಸಿಕ್ಕಿತು.
ಮಳೆನೀರಿನ ಚರಂಡಿಯೊಂದರ ಗುಂಟ
ಪೆನ್ಸಿಲ್ ಹಿಡಿದು ಹಿಂದಕ್ಕೆ ಹೋದೆ.
ಕೆರೆಯ ಬಾಯಿ, ರಿಂಗ್ ರಸ್ತೆ, ಪಾರ್ಕು, ಎಂಟನೇ ಕ್ರಾಸು,
ನಮ್ಮ ಹಿತ್ತಲ ಒಗೆಯುವ ಕಲ್ಲು.

ಸೋಮವಾರ ನಾನು ಬಟ್ಟೆ ನೆನೆಸುವ ದಿನ.
ಎರಡು ಚಮಚ ಪುಡಿ,
ಯೂನಿಫಾರ್ಮಿನ ಕಾಲರಿಗೆ ಇನ್ನೊಂದು.
ಮಂಗಳವಾರ ಅಳೆಯುವ ದಿನ.

ಇದನ್ನು ಜವರಪ್ಪನಿಗೆ ಹೇಳಲಿಲ್ಲ.

ಇವತ್ತು ತಟ್ಟೆಯ ಅಂಚಿನ ಬಣ್ಣ ಚಕ್ಕೆ ಎದ್ದಿದೆ.
ಅಡಿಯಲ್ಲಿ ಅತ್ತಿಗೆ ಕೊರೆಸಿದ್ದ ಅಕ್ಷರ,
ಗೃಹಪ್ರವೇಶದ ನೆನಪಿಗೆ.
ಇಳಿಬಿಟ್ಟೆ. ತಟ್ಟೆ ವಾಲಿತು.
ನೆನಪು ಮೊದಲು ಹೋಯಿತು, ಹಿಂದೆಯೇ ಗೃಹ.
ಪ್ರವೇಶ ಮಾತ್ರ ಎರಡು ಬೆರಳಿನಷ್ಟು ಆಳ
ಕಾಣುತ್ತಲೇ ಇತ್ತು.

ಬರ್ಕೊಳಿ ಅವ್ವ, ಅಂದ ಜವರಪ್ಪ.
ಬಿಸ್ಲು ಬತ್ತದೆ.